ಒಡೆದ ದನಿಗೆ ಒಂದು ಅಳತೆಗೋಲು

ಮೇಷ್ಟರ ಕೆಲಸಕ್ಕೆ ಬೇಕಾದ ಉಪಕರಣಗಳಾವುವು ಎಂದು ಕೇಳಿದರೆ ಸೀಮೆಸುಣ್ಣ, ಕರಿಹಲಗೆ, ಪುಸ್ತಕ ಎಂದು ಯಾರಾದರೂ ಬೆರಳು ಮಡಿಸಿ ಎಣಿಸಿಯಾರು. ಎಲ್ಲಕ್ಕಿಂತ ಮೊದಲು ಬೇಕಾದ ಇನ್ನೊಂದು ಉಪಕರಣದ ನೆನಪು ಮಾತ್ರ ಯಾರಿಗೂ ಆಗುವುದಿಲ್ಲ. ಅದಕ್ಕೆ ಸಾದಿಲ್ವಾರು ಹಣ ಮಂಜೂರಾಗುವುದಿಲ್ಲ. ಸವೆದರೆ ಉಗ್ರಾಣದಿಂದ ಹೊಸದು ಬರುವುದೂ ಇಲ್ಲ. ಅದು ಅವರ ದನಿ.

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ವಿದ್ಯಾ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುತ್ತಾರೆ. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಅಲ್ಲಿಯ ಒಂದು ಹೋಬಳಿ ಕೇಂದ್ರ. ಆಂಧ್ರದ ಗಡಿಗೆ ಸಮೀಪವಾದ ಜಯಮಂಗಲಿ ನದಿಯ ಸೀಮೆ ಅದು. ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುತ್ತವೆ. ಮಳೆ ಕಡಿಮೆಯಾದ ಈ ಬಯಲಿನಲ್ಲಿ ಬೇಸಗೆ ಬಂತೆಂದರೆ ಧೂಳಿಗೆ ಬರವಿಲ್ಲ. ಇಂಥ ಊರಿನ ಒಂದು ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಿ. ಒಂದು ಕೋಣೆಯಲ್ಲಿ ಎರಡು ತರಗತಿಗಳು. ಪಕ್ಕದ ಕೋಣೆಯಿಂದ ಮಗ್ಗಿಯ ಮೊಳಗು. ಹೊರಗೆ ಟ್ರಾಕ್ಟರಿನ ಸದ್ದು. ಇವೆಲ್ಲವನ್ನೂ ಮೀರಿ ಹಿಂದಿನ ಸಾಲಿನ ಮಗುವಿಗೆ ಕೇಳಿಸುವಂತೆ ಪಾಠ ಹೇಳಬೇಕು. ಸುತ್ತಲ ಗದ್ದಲ ಏರಿದಂತೆ ಮಾತನಾಡುವವನ ದನಿಯೂ ಅರಿವಿಲ್ಲದೆ ಏರುತ್ತದೆಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ಡ್ 1911ರಲ್ಲಿಯೇ ತೋರಿಸಿಕೊಟ್ಟಿದ್ದಾನೆ.

ಹೀಗೆ ಹತ್ತು ವರ್ಷ ಕಳೆದ ಮೇಲೆ ಮೇಷ್ಟರ ದನಿ ಒಡೆಯುತ್ತದೆ. ಮೊದಲು ಸಂಜೆಯ ಹೊತ್ತಿಗೆ, ಆಮೇಲೆ ಮಧ್ಯಾಹ್ನಕ್ಕೆ, ಕೊನೆಗೆ ಬೆಳಗಿನ ಪ್ರಾರ್ಥನೆಯ ವೇಳೆಗೇ ಗಂಟಲು ಕಟ್ಟಿರುತ್ತದೆ. ಮನೆಯವರು ಕಷಾಯ ಮಾಡಿಕೊಡುತ್ತಾರೆ. ಸಹೋದ್ಯೋಗಿಗಳು ‘ಅವರ ದನಿಯೇ ಹಾಗೆ’ ಎಂದು ತೀರ್ಮಾನಿಸುತ್ತಾರೆ. ಈ ಮೂರು ಪದಗಳ ತೀರ್ಮಾನವೇ ಅಪಾಯಕಾರಿ. ಕಾಲು ಕುಂಟಿದರೆ ನೋಡಿದವರು ಮರುಗುತ್ತಾರೆ. ದನಿ ಕುಂಟಿದರೆ ಕೇಳಿದವರು ಅದಕ್ಕೆ ಹೊಂದಿಕೊಂಡುಬಿಡುತ್ತಾರೆ. ಕಾಣದ ಈ ಕುಂಟನ್ನು ಅಳೆದು, ಅಂಕಿಯಾಗಿ ಕಾಗದದ ಮೇಲೆ ಬರೆದು ತೋರಿಸುವ ವಿದ್ಯೆಯೊಂದು ಈಗ ಬೆಳೆದಿದೆ.

ದನಿ ಹುಟ್ಟುವ ಬಗೆ

ಕನ್ನಡ ವ್ಯಾಕರಣವನ್ನು ಓದಿದವರಿಗೆ ದನಿಯ ಹುಟ್ಟಿನ ಪ್ರಶ್ನೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅದನ್ನು ಎತ್ತಿಕೊಂಡಿದ್ದಾನೆ. ಜೀವದ ಇಚ್ಛೆ, ಅದಕ್ಕೆ ಅನುಕೂಲವಾದ ಗಾಳಿ, ಇವೆರಡೂ ಸೇರಿ ಹೊಕ್ಕುಳ ಮೂಲದಿಂದ ಕಹಳೆಯ ರೀತಿಯಲ್ಲಿ ಶಬ್ದವು ಹೊಮ್ಮುತ್ತದೆಂದು ಅವನ ಅಭಿಪ್ರಾಯ. ಕಾಣದ ಶಬ್ದಕ್ಕೆ ಆತ ಬಣ್ಣವನ್ನೂ ಹೇಳಿದ, ಅದು ಬಿಳಿ. ಇಂದಿನ ಶರೀರಶಾಸ್ತ್ರ ಆ ಸ್ಥಾನವನ್ನು ಹೊಕ್ಕುಳಿನಿಂದ ಕೊರಳಿಗೆ ತಂದಿದೆ. ಗಾಳಿಯನ್ನೂ ಕಹಳೆಯನ್ನೂ ಹಾಗೆಯೇ ಉಳಿಸಿಕೊಂಡಿದೆ.

ಶ್ವಾಸಕೋಶದಿಂದ ಮೇಲೇರುವ ಉಸಿರಿಗೆ ಕೊರಳಿನಲ್ಲಿ ಎರಡು ಪುಟ್ಟ ಮಡಿಕೆಗಳು ಅಡ್ಡ ನಿಲ್ಲುತ್ತವೆ. ಇವೇ ಧ್ವನಿತಂತುಗಳು. ವೀಣೆಯ ತಂತಿಯಂತೆ ಬಿಗಿದುಕಟ್ಟಿದ ದಾರಗಳಲ್ಲ ಇವು. ತೇವವಾದ ಮೃದು ಪೊರೆಯಿಂದ ಕೂಡಿದ ಎರಡು ಮಡಿಕೆಗಳು. ಉಸಿರು ತಳ್ಳಿದಾಗ ಬೇರ್ಪಟ್ಟು ಮತ್ತೆ ಕೂಡಿಕೊಳ್ಳುತ್ತವೆ. ಗಂಡಸಿನಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸಿನಲ್ಲಿ ಸುಮಾರು 220 ಸಲ ಹೀಗಾಗುತ್ತದೆ. ಇಲ್ಲಿ ಒಂದು ಸಣ್ಣ ಗುಣಾಕಾರ ಮಾಡಿ ನೋಡಬಹುದು. ಉಪಾಧ್ಯಾಯಿನಿಯೊಬ್ಬರ ತಂತುಗಳು ನಿಜವಾಗಿ ಕಂಪಿಸಿದ ಕಾಲವನ್ನಷ್ಟೆ ಕೂಡಿಸಿ ದಿನಕ್ಕೆ ಒಂದು ಗಂಟೆಯೆಂದು ಹಿಡಿದರೂ ಅವು 7 ಲಕ್ಷ 92 ಸಾವಿರ ಸಲ ಒಂದಕ್ಕೊಂದು ತಾಗಿರುತ್ತವೆ. ಜೋರಾಗಿ ಮಾತನಾಡಿದಷ್ಟೂ ತಾಗುವ ಪೆಟ್ಟು ಬಿರುಸು. ಗುದ್ದಲಿ ಹಿಡಿದ ಅಂಗೈ ದಡ್ಡುಗಟ್ಟುವಂತೆ, ತಂತುಗಳ ಅಂಚಿನಲ್ಲಿ, ಪೆಟ್ಟು ಹೆಚ್ಚಾಗಿ ಬೀಳುವ ಎಡೆಯಲ್ಲಿ, ಎದುರುಬದುರಾಗಿ ಎರಡು ಸಣ್ಣ ಗಂಟುಗಳೇಳುತ್ತವೆ. ಆಗ ತಂತುಗಳು ಪೂರ್ತಿಯಾಗಿ ಕೂಡವು. ಸಂದಿಯಿಂದ ಗಾಳಿ ಸೋರುತ್ತದೆ. ಕಂಪನದ ಲಯ ತಪ್ಪುತ್ತದೆ.

ಈ ತೊಂದರೆ ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. ಅಮೆರಿಕದ ಅಯೋವಾ ಮತ್ತು ಯೂಟಾ ಸಂಸ್ಥಾನಗಳಲ್ಲಿ 1,243 ಮಂದಿ ಉಪಾಧ್ಯಾಯರನ್ನೂ ಬೇರೆ ಕಸುಬಿನ 1,288 ಮಂದಿಯನ್ನೂ ವಿಚಾರಿಸಿ ನೆಲ್ಸನ್ ರಾಯ್ ಮತ್ತು ಸಂಗಡಿಗರು 2004ರಲ್ಲಿ ವರದಿ ಪ್ರಕಟಿಸಿದರು. ವಿಚಾರಿಸಿದ ಕಾಲದಲ್ಲಿ ದನಿಯ ತೊಂದರೆಯಿದ್ದವರು ಉಪಾಧ್ಯಾಯರಲ್ಲಿ ನೂರಕ್ಕೆ 11, ಇತರರಲ್ಲಿ ನೂರಕ್ಕೆ 6.2. ಜೀವಮಾನದಲ್ಲಿ ಒಮ್ಮೆಯಾದರೂ ಅಂಥ ತೊಂದರೆಯನ್ನು ಕಂಡವರು ಉಪಾಧ್ಯಾಯರಲ್ಲಿ ನೂರಕ್ಕೆ 57.7, ಇತರರಲ್ಲಿ 28.8. ಇದು ಆಯಾ ವ್ಯಕ್ತಿಯ ಮೈಯ ದೋಷವೆನ್ನುವುದಕ್ಕಿಂತ ಕಸುಬಿನ ಹೊರೆಯೆಂದು ಹೇಳುವುದೇ ನ್ಯಾಯ. ಪೋಲೆಂಡ್ ದೇಶದವರು ದೀರ್ಘಕಾಲದ ಧ್ವನಿರೋಗವನ್ನು ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿಯೇ ಸೇರಿಸಿದ್ದಾರೆ.

ಕಿವಿಯಿಂದ ಅಂಕಿಗೆ

ದನಿಯ ಕೇಡನ್ನು ಗುರುತಿಸಲು ಮೊದಲ ಯಂತ್ರ ಕಿವಿಯೇ. ನಮ್ಮ ಭಾಷೆ ಅದನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದೆಯೆಂಬುದಕ್ಕೆ ಅದರ ಪದಗಳೇ ಸಾಕ್ಷಿ. ಒಡಕು ದನಿ, ಗೊಗ್ಗರು ದನಿ, ಕೀರಲು ದನಿ, ನಡುಗುದನಿ, ಪಿಸುದನಿ, ಮೂಗುದನಿ; ಇವು ಒಂದೇ ಅರ್ಥದ ಮಾತುಗಳಲ್ಲ. ಆದರೆ ನನ್ನ ಕಿವಿಗೆ ಗೊಗ್ಗರಾದದ್ದು ನಿಮ್ಮ ಕಿವಿಗೆ ಬರಿಯ ನೆಗಡಿಯಾಗಿ ಕೇಳಿಸಬಹುದು. ಹೋದ ತಿಂಗಳು ಎಷ್ಟು ಗೊಗ್ಗರಾಗಿತ್ತು, ಈ ತಿಂಗಳು ಎಷ್ಟು ಎಂದು ಕೇಳಿದರೆ ಕಿವಿಗೆ ಉತ್ತರ ಹೇಳಲು ಬಾರದು.

ಎರಡನೆಯ ಯಂತ್ರ ಕಣ್ಣು. ಅದಕ್ಕೆ ದಾರಿ ತೋರಿದವನು ವೈದ್ಯನಲ್ಲ, ಸಂಗೀತದ ಮೇಷ್ಟರು. ಮ್ಯಾನುಯೆಲ್ ಗಾರ್ಸಿಯ ಎಂಬಾತ 1854ರಲ್ಲಿ ಪ್ಯಾರಿಸ್ಸಿನಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿಗೆ ಹಿಡಿದು, ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳು ಆಡುವುದನ್ನು ತಾನೇ ನೋಡಿಕೊಂಡ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ವಿವರವನ್ನಿಟ್ಟ. ಇಂದಿನ ಗಂಟಲು ವೈದ್ಯರು ಬಳಸುವ ದರ್ಶಕಗಳೆಲ್ಲ ಆ ಕನ್ನಡಿಯ ಮೊಮ್ಮಕ್ಕಳು.

ಮೂರನೆಯದು ಎಣಿಕೆ. ಅಮೆರಿಕದ ಬೆಲ್ ಪ್ರಯೋಗಶಾಲೆಯವರು 1940ರ ದಶಕದಲ್ಲಿ ಮಾತನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸುವ ಯಂತ್ರವನ್ನು ಕಟ್ಟಿದರು. ಸ್ಪಷ್ಟ ದನಿಯಲ್ಲಿ ಆ ಚಿತ್ರ ಉತ್ತ ಸಾಲುಗಳಂತೆ ಒಂದರ ಮೇಲೊಂದು ಒಪ್ಪವಾಗಿ ಕಾಣುತ್ತದೆ. ಒಡೆದ ದನಿಯಲ್ಲಿ ಸಾಲುಗಳ ನಡುವೆ ಧೂಳು ಎದ್ದಂತೆ ಮಸುಕಾಗುತ್ತದೆ. ಫಿಲಿಪ್ ಲೀಬರ್ಮನ್ ಎಂಬ ವಿದ್ವಾಂಸ 1961 ಮತ್ತು 1963ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಕಂಪನದ ಒಂದೊಂದು ಸುತ್ತನ್ನೂ ಬೇರೆಬೇರೆಯಾಗಿ ಅಳೆದು, ಧ್ವನಿಪೆಟ್ಟಿಗೆಯ ರೋಗವಿರುವವರಲ್ಲಿ ಸುತ್ತಿನಿಂದ ಸುತ್ತಿಗೆ ಏರುಪೇರು ಹೆಚ್ಚೆಂಬುದನ್ನು ತೋರಿಸಿದ.

ಈ ಲೆಕ್ಕ ಕಷ್ಟದ್ದಲ್ಲ. ರೋಗಿಯು ಸದ್ದಿಲ್ಲದ ಕೋಣೆಯಲ್ಲಿ ಧ್ವನಿಗ್ರಾಹಕದ ಮುಂದೆ ಕುಳಿತು ‘ಆ’ ಎಂದು ನಾಲ್ಕೈದು ಸೆಕೆಂಡು ಒಂದೇ ಸಮನೆ ಎಳೆಯಬೇಕು. ಅವರ ತಂತುಗಳು ಸೆಕೆಂಡಿಗೆ 125 ಸಲ ಕಂಪಿಸಿದರೆ ಒಂದು ಸುತ್ತಿಗೆ ಸೆಕೆಂಡಿನ ಸಾವಿರದ 8 ಪಾಲು ಹಿಡಿಯುತ್ತದೆ. ಜೀವಂತ ಕೊರಳು ಗಡಿಯಾರವಲ್ಲ; ಒಂದು ಸುತ್ತು 8ಕ್ಕಿಂತ ಎಳ್ಳಷ್ಟು ಹೆಚ್ಚು, ಮುಂದಿನದು ಎಳ್ಳಷ್ಟು ಕಡಿಮೆ. ಅಕ್ಕಪಕ್ಕದ ಸುತ್ತುಗಳ ಅಂತರ ಸರಾಸರಿ 0.04 ಆಗಿದ್ದರೆ ಅದು ನೂರಕ್ಕೆ ಅರ್ಧ, 0.16 ಆಗಿದ್ದರೆ ನೂರಕ್ಕೆ 2. ಲಯದ ಈ ತಪ್ಪಿಗೆ ‘ಜಿಟ್ಟರ್’ ಎಂದು ಹೆಸರು. ಸುತ್ತಿನ ಕಾಲಕ್ಕೆ ಬದಲಾಗಿ ಅದರ ಬಲದ ಏರುಪೇರನ್ನು ಎಣಿಸಿದರೆ ‘ಶಿಮ್ಮರ್’. ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಗಣಕ ಪದ್ಧತಿ ಮೊದಲನೆಯದಕ್ಕೆ ನೂರಕ್ಕೆ 1.04, ಎರಡನೆಯದಕ್ಕೆ ನೂರಕ್ಕೆ 3.81 ಎಂದು ಎಲ್ಲೆ ಕಟ್ಟಿದೆ.

ಮೂರನೆಯ ಅಳತೆ ನಾದಕ್ಕೂ ಗಾಳಿಯ ಸೋರಿಕೆಗೂ ಇರುವ ಪ್ರಮಾಣ. ದನಿಯ ಶಕ್ತಿಯಲ್ಲಿ ನೂರಕ್ಕೆ 99 ಪಾಲು ನಾದವಾಗಿ 1 ಪಾಲು ಮಾತ್ರ ಗಾಳಿಸದ್ದಾದರೆ ಈ ಪ್ರಮಾಣ 20 ಡೆಸಿಬೆಲ್. ಎರಡೂ ಸಮವಾದರೆ ಸೊನ್ನೆ. ನಮ್ಮವರು ಪಿಸುದನಿ ಎಂದದ್ದರಲ್ಲಿ ಈ ಅಂಕಿ ಇಳಿಯುತ್ತದೆ, ಒಡಕು ದನಿಯಲ್ಲಿ ಜಿಟ್ಟರ್ ಏರುತ್ತದೆ, ನಡುಗುದನಿಯಲ್ಲಿ ಸೆಕೆಂಡಿಗೆ ನಾಲ್ಕಾರು ಸಲ ದನಿಯೇ ಅಲೆಯಂತೆ ಏರಿಳಿಯುತ್ತದೆ.

ಇಷ್ಟೆಲ್ಲ ಮಾಡಲು ಒಂದು ಕಾಲದಲ್ಲಿ ಕೋಣೆ ತುಂಬುವ ಯಂತ್ರಗಳು ಬೇಕಾಗಿದ್ದವು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ಪಾಲ್ ಬೋರ್ಸ್ಮ ಮತ್ತು ಡೇವಿಡ್ ವೇನಿಂಕ್ ರಚಿಸಿದ ‘ಪ್ರಾಟ್’ ಎಂಬ ಗಣಕ ತಂತ್ರಾಂಶವನ್ನು ಈಗ ಯಾರಾದರೂ ಹಣ ಕೊಡದೆ ಪಡೆಯಬಹುದು. ಡಚ್ ಭಾಷೆಯಲ್ಲಿ ಆ ಪದಕ್ಕೆ ‘ಮಾತಾಡು’ ಎಂದರ್ಥ.

ಮಾನಸಗಂಗೋತ್ರಿಯ ಸಂಸ್ಥೆ

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಒಂದು ದೊಡ್ಡ ಮನೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಗೆ ಸೇರಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾಯಿತು. ವಾಕ್ ಮತ್ತು ಶ್ರವಣ ತಜ್ಞರ ಹಲವು ತಲೆಮಾರುಗಳು ಅಲ್ಲಿ ತರಬೇತಾಗಿವೆ. ಅಲ್ಲಿ ಪ್ರಾಧ್ಯಾಪಕರೂ ನಿರ್ದೇಶಕರೂ ಆಗಿದ್ದ ನ. ರತ್ನ ಅವರು ಕನ್ನಡ ರಂಗಭೂಮಿಯ ನಾಟಕಕಾರರೂ ಹೌದೆಂಬುದು ಓದುಗರಲ್ಲಿ ಹಲವರಿಗೆ ತಿಳಿದಿರಬಹುದು. ಈ ಜೋಡಿ ಆಕಸ್ಮಿಕವೆಂದು ತೋರುವುದಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟುವಂತೆ ಹಾಡಿ ನುಡಿದ ಗುಬ್ಬಿ ಕಂಪೆನಿಯ ನಟರೂ, ಬೆಳಗಿನ ತನಕ ಪದ ಹೇಳುವ ಮೂಡಲಪಾಯದ ಭಾಗವತರೂ ತುಮಕೂರು ಸೀಮೆಯವರೇ. ದನಿಯ ಬೆಲೆ ಏನೆಂಬುದು ಕಲಾವಿದನಿಗೂ ಮೇಷ್ಟರಿಗೂ ಸಮಾನವಾಗಿ ಗೊತ್ತು.

ಧ್ವನಿತಜ್ಞರ ಬಳಿಗೆ ಹೋದವರಿಂದ ‘ಆ’ ಎಂದು ಎಳೆಸುವುದಷ್ಟೇ ಅಲ್ಲ, ಗೊತ್ತಾದ ಒಂದು ಕನ್ನಡ ಗದ್ಯಖಂಡವನ್ನು ಓದಿಸುತ್ತಾರೆ, ಸಹಜವಾಗಿ ಮಾತನಾಡಿಸುತ್ತಾರೆ. ಇದಕ್ಕೆ ಕಾರಣವಿದೆ. ಒಂದೇ ಸ್ವರವನ್ನು ಎಳೆಯುವಾಗ ಚೆನ್ನಾಗಿಯೇ ಇರುವ ದನಿ, ಮಾತಿನ ಏರಿಳಿತದಲ್ಲಿ ಮುರಿಯಬಹುದು. ಅಲ್ಲದೆ ಮನುಷ್ಯನ ದನಿ ಅವನ ತಾಯ್ನುಡಿಯಲ್ಲಿಯೇ ನಿಜವಾಗಿ ಹೊರಡುತ್ತದೆ. ಕನ್ನಡ ತೆಲುಗು ಬೆರೆಸಿ ಮಾತನಾಡುವ ಕೊಡಿಗೇನಹಳ್ಳಿ ಕಡೆಯವರ ದನಿಯನ್ನು ಪರದೇಶದ ಅಂಕಿಗಳಿಗೆ ಮಾತ್ರ ಹೋಲಿಸಿದರೆ ಸಾಲದು. ನಮ್ಮವರ ಆರೋಗ್ಯವಂತ ದನಿಗಳ ಅಳತೆಯೂ ಬೇಕು.

ಯಂತ್ರಕ್ಕೆ ಕಾಣದ್ದು

ಇಷ್ಟನ್ನು ಓದಿದವರು, ಕೈಯಲ್ಲಿರುವ ದೂರವಾಣಿಗೆ ‘ಆ’ ಎಂದರೆ ಅದೇ ರೋಗದ ಹೆಸರನ್ನು ಹೇಳಿಬಿಡುತ್ತದೆಂದು ಭಾವಿಸಬಾರದು. ಜಿಟ್ಟರ್ ಏರಿದೆಯೆಂದರೆ ಕಂಪನ ಲಯ ತಪ್ಪಿದೆಯೆಂದಷ್ಟೇ ಅರ್ಥ. ತಪ್ಪಿಸಿದ್ದು ನೆಗಡಿಯ ಬಾವೋ, ಮೇಷ್ಟರ ಗಂಟೋ, ನರದ ಸೋಲೋ, ಅರ್ಬುದವೋ ಎಂಬುದನ್ನು ಆ ಅಂಕಿ ಹೇಳಲಾರದು. ಎಡ ಧ್ವನಿತಂತುವಿಗೆ ಹೋಗುವ ನರ ಎದೆಯೊಳಕ್ಕೆ ಇಳಿದು ಮಹಾಪಧಮನಿಯನ್ನು ಸುತ್ತಿ ಮತ್ತೆ ಮೇಲೇರುತ್ತದೆ. ಆದುದರಿಂದ ಎದೆಯ ರೋಗವೂ ಕೊರಳಿನ ಒಡಕಾಗಿ ಕೇಳಿಸಬಹುದು. ಇದನ್ನು ಬಿಡಿಸಬೇಕಾದವನು ವೈದ್ಯ; ಅವನು ನೋಡಬೇಕಾದದ್ದು ದರ್ಶಕದಿಂದ.

ಇನ್ನೊಂದು ತೊಡಕೂ ಉಂಟು. ದನಿ ತೀರ ಕೆಟ್ಟಾಗ ಸುತ್ತು ಎಲ್ಲಿ ಮುಗಿಯಿತು, ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದಾಗುತ್ತದೆ. ಗಣಕವು ಆಗಲೂ ಏನೋ ಒಂದು ಅಂಕಿಯನ್ನು ಕೊಡುತ್ತದೆ; ಅದಕ್ಕೆ ಬೆಲೆಯಿಲ್ಲ. ಇಂಗೋ ಟಿಟ್ಜೆ ಎಂಬ ಧ್ವನಿವಿಜ್ಞಾನಿ 1995ರಲ್ಲಿ ದನಿಗಳನ್ನು ಮೂರು ಬಗೆಯಾಗಿ ವಿಂಗಡಿಸಿ, ಬಹುಮಟ್ಟಿಗೆ ಕ್ರಮವಾಗಿರುವ ಮೊದಲನೆಯ ಬಗೆಗೆ ಮಾತ್ರ ಈ ಲೆಕ್ಕ ನಂಬತಕ್ಕದ್ದೆಂದು ಎಚ್ಚರಿಸಿದ. ಕೆಟ್ಟ ದನಿಗೆ ಬೇರೊಂದು ದಾರಿಯಿದೆ. 1963ರಲ್ಲಿ ಭೂಕಂಪದ ಪ್ರತಿಧ್ವನಿಗಳನ್ನು ಶೋಧಿಸುತ್ತಿದ್ದವರು ವರ್ಣಪಟಲದ ಮೇಲೆ ಮತ್ತೊಂದು ವಿಶ್ಲೇಷಣೆ ನಡೆಸುವ ಉಪಾಯವನ್ನು ಕಂಡುಹಿಡಿದು, ‘ಸ್ಪೆಕ್ಟ್ರಮ್’ ಪದದ ಮೊದಲ ಅಕ್ಷರಗಳನ್ನು ತಿರುಗುಮುರುಗು ಮಾಡಿ ಅದಕ್ಕೆ ‘ಸೆಪ್ಸ್ಟ್ರಮ್’ ಎಂದು ವಿನೋದವಾಗಿ ಹೆಸರಿಟ್ಟರು. ಅದು ಸುತ್ತುಗಳನ್ನು ಒಂದೊಂದಾಗಿ ಹಿಡಿಯಬೇಕಾಗಿಲ್ಲದ ಅಳತೆ. ಓದುವ ಮಾತಿಗೂ ಒಡೆದ ದನಿಗೂ ಒಗ್ಗುತ್ತದೆ. ಈಗ ಚಿಕಿತ್ಸಾಲಯಗಳಲ್ಲಿ ಅದಕ್ಕೆ ಮನ್ನಣೆ ಹೆಚ್ಚುತ್ತಿದೆ.

ಸಾವಿರಾರು ದನಿಗಳನ್ನು ಗಣಕಕ್ಕೆ ಕೇಳಿಸಿ ರೋಗವನ್ನು ತಾನೇ ಗುರುತಿಸುವಂತೆ ಕಲಿಸುವ ಪ್ರಯತ್ನವೂ ನಡೆದಿದೆ. ಅದರಲ್ಲಿ ಎಡವಿದ ಕಥೆಗಳು ಪಾಠ ಹೇಳುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸಿನ ಆಸ್ಪತ್ರೆಯೊಂದರ ಪ್ರಸಿದ್ಧ ಧ್ವನಿಸಂಗ್ರಹದಲ್ಲಿ ಆರೋಗ್ಯವಂತರ ದನಿಗಳನ್ನು ಒಂದೆಡೆ, ರೋಗಿಗಳ ದನಿಗಳನ್ನು ಇನ್ನೊಂದೆಡೆ ಮುದ್ರಿಸಿಕೊಂಡಿದ್ದರು. ಯಂತ್ರ ಕಲಿತದ್ದು ರೋಗದ ಗುರುತನ್ನೋ ಕೋಣೆಯ ಗುರುತನ್ನೋ ಎಂಬ ಸಂಶಯ ಹುಟ್ಟಿತು. 2020ರಲ್ಲಿ ಕೋವಿಡ್ ಹಬ್ಬಿದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ‘ಕೋಸ್ವರ’ ಎಂಬ ಹೆಸರಿನಲ್ಲಿ ಕೆಮ್ಮು, ಉಸಿರು, ದನಿಗಳನ್ನು ಸಂಗ್ರಹಿಸಿ ರೋಗಪತ್ತೆಯ ಸಾಧ್ಯತೆಯನ್ನು ಶೋಧಿಸಿದರು. ಅಂಥ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದವು. ಬ್ರಿಟನ್ನಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವಾದರೋ, ಕೋವಿಡ್ ವಿಚಾರದಲ್ಲಿ ಶಬ್ದ ಕೇಳುವ ಯಂತ್ರವು ರೋಗಲಕ್ಷಣಗಳನ್ನು ಬಾಯಿಮಾತಿನಲ್ಲಿ ವಿಚಾರಿಸುವುದಕ್ಕಿಂತ ಹೆಚ್ಚೇನೂ ಸಾಧಿಸಲಿಲ್ಲವೆಂದು ಕಂಡುಕೊಂಡಿತು.

ಹಾಗಾದರೆ ಪ್ರಯೋಜನವೇನು?

ಪ್ರಯೋಜನವಿದೆ. ತಕ್ಕಡಿ ರೋಗವನ್ನು ಹೇಳುವುದಿಲ್ಲ. ಆದರೂ ಮಗು ತೂಕ ಕಳೆದುಕೊಳ್ಳುತ್ತಿದೆಯೆಂದು ಮೊದಲು ಹೇಳುವುದು ತಕ್ಕಡಿಯೇ. ದನಿಯ ಅಳತೆಯೂ ಹಾಗೆ. ಒಬ್ಬರ ದನಿಯನ್ನು ಅವರದೇ ಹಿಂದಿನ ದನಿಯೊಡನೆ ಹೋಲಿಸಿ, ‘ಅವರ ದನಿಯೇ ಹಾಗೆ’ ಎಂಬ ಮಾತನ್ನು ಅದು ಸುಳ್ಳುಮಾಡುತ್ತದೆ. ಚಿಕಿತ್ಸೆ ಫಲಿಸಿತೇ ಇಲ್ಲವೇ ಎಂಬುದಕ್ಕೂ ಸಾಕ್ಷಿಯಾಗುತ್ತದೆ.

ಒಂದು ಉದಾಹರಣೆ. 2002ರಲ್ಲಿ ನೆಲ್ಸನ್ ರಾಯ್ ಮತ್ತು ಸಂಗಡಿಗರು ದನಿ ಕೆಟ್ಟಿದ್ದ 44 ಮಂದಿ ಉಪಾಧ್ಯಾಯರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಧ್ವನಿವರ್ಧಕ ಕೊಟ್ಟರು. ಎರಡನೆಯದಕ್ಕೆ ದನಿಯನ್ನು ಕಾಪಾಡಿಕೊಳ್ಳುವ ಉಪದೇಶ. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ವಾರಗಳ ಬಳಿಕ ಅಳೆದಾಗ ಧ್ವನಿವರ್ಧಕದ ಗುಂಪಿನಲ್ಲಿ ತೊಂದರೆಯೂ, ಜಿಟ್ಟರ್ ಶಿಮ್ಮರ್‌ಗಳೂ ಸ್ಪಷ್ಟವಾಗಿ ಇಳಿದಿದ್ದವು. ಬರಿಯ ಉಪದೇಶ ಕೇಳಿದವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಮೇಷ್ಟರಿಗೆ ಬುದ್ಧಿವಾದ ಹೇಳುವುದಕ್ಕಿಂತ ಅವರ ಹೊರೆಯನ್ನು ಇಳಿಸುವುದು ಮೇಲೆಂಬ ಮಾತನ್ನು ಯಾರು ಬೇಕಾದರೂ ಆಡಬಹುದಾಗಿತ್ತು. ಅದಕ್ಕೆ ಪುರಾವೆ ಒದಗಿಸಿದ್ದು ಈ ಅಳತೆ. ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ ಬೇಕಾದ ಕರಿಹಲಗೆ, ಬೆಂಚುಗಳ ಪಟ್ಟಿ ಮಾಡುವವರು ಇಂಥದೊಂದು ಪುಟ್ಟ ಯಂತ್ರವನ್ನೂ ಅದರಲ್ಲಿ ಸೇರಿಸಿದರೆ ಅದು ಬೆಡಗಿನ ಮಾತಾಗಲಾರದು.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಧ್ವನಿತಂತುವಿನ ಅಂಚಿನಲ್ಲಿ ಹುಟ್ಟುವ ಅರ್ಬುದವು ಸಾಸಿವೆಯಷ್ಟಿರುವಾಗಲೇ ದನಿಯನ್ನು ಕೆಡಿಸುತ್ತದೆ. ಒಂದು ರೀತಿಯಲ್ಲಿ ಇದು ಪ್ರಕೃತಿಯ ಉಪಕಾರ; ಮೈಯ ಬೇರೆ ಕಡೆಯ ಅರ್ಬುದಗಳಲ್ಲಿ ಹಲವು ಇಷ್ಟು ಬೇಗ ಕೂಗಿ ಹೇಳುವುದಿಲ್ಲ. ಆ ಹಂತದಲ್ಲಿ ಚಿಕಿತ್ಸೆ ದೊರೆತರೆ ಬಹುಮಂದಿ ಗುಣ ಹೊಂದುತ್ತಾರೆ, ದನಿಯೂ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಬೀಡಿ ಸಿಗರೇಟು ಸೇದುವವರಿಗೆ ಈ ಎಚ್ಚರಿಕೆ ಎರಡು ಪಟ್ಟು ಅನ್ವಯಿಸುತ್ತದೆ. ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಘ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ನಾಲ್ಕು ವಾರಗಳಲ್ಲಿ ಮಾಯದ ಒಡಕು ದನಿಯನ್ನು ದರ್ಶಕದಿಂದ ನೋಡಿಸಲೇಬೇಕು. ಹೊಗೆಸೊಪ್ಪಿನ ಅಭ್ಯಾಸವಿದ್ದರೆ, ಕೊರಳಲ್ಲಿ ಗಡ್ಡೆ ಕಂಡರೆ, ಉಸಿರಾಟಕ್ಕೆ ತೊಡಕಾದರೆ ಅಷ್ಟೂ ಕಾಯಕೂಡದು.

ಯಂತ್ರ ಹಳ್ಳಿಗೆ ಬರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ತುಂಬ ಉಸಿರೆಳೆದುಕೊಂಡು, ಗಡಿಯಾರ ನೋಡುತ್ತ, ಹಿತವಾದ ದನಿಯಲ್ಲಿ ‘ಆ’ ಎಂದು ಎಳೆಯಿರಿ. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 15 ಸೆಕೆಂಡಿಗೆ ಕಡಿಮೆಯಿಲ್ಲದೆ ಎಳೆಯಬಲ್ಲರು. ಪದೇ ಪದೇ ಪ್ರಯತ್ನಿಸಿದರೂ 10 ದಾಟದಿದ್ದರೆ ಅದು ವಿಚಾರಿಸತಕ್ಕ ಸಂಗತಿ. ತಿಂಗಳಿಗೊಮ್ಮೆ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ನಾಲ್ಕು ಸಾಲುಗಳನ್ನು ಓದಿ ದೂರವಾಣಿಯಲ್ಲಿ ಮುದ್ರಿಸಿಟ್ಟುಕೊಂಡರೆ ನಿಮ್ಮ ದನಿಯ ಚರಿತ್ರೆ ನಿಮ್ಮ ಬಳಿಯೇ ಇರುತ್ತದೆ. ತಜ್ಞರ ಮುಂದೆ ಕುಳಿತ ದಿನ ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ಅದೇ ಉತ್ತರ ಹೇಳುತ್ತದೆ. ಪಾಠದ ನಡುವೆ ನೀರು ಕುಡಿಯುವುದು, ಹಲಗೆಯ ಕಡೆಗೆ ಮುಖಮಾಡಿ ಕೂಗದಿರುವುದು, ಗಂಟಲನ್ನು ಕೆರೆದು ಕೆರೆದು ಸರಿಪಡಿಸದಿರುವುದು, ಇವು ಖರ್ಚಿಲ್ಲದ ಉಪಾಯಗಳು.

ಕೊಡಿಗೇನಹಳ್ಳಿಯಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ ಗಂಟಲು ತೋರಿಸಿಕೊಂಡು ಬರಬೇಕಾದರೆ ಮೇಷ್ಟರಿಗೆ ಒಂದು ದಿನದ ರಜೆ ಬೇಕು. ರಜೆ ಹಾಕಿದರೆ ಪಾಠ ಹಿಂದೆ ಬೀಳುತ್ತದೆಂದು ಹಿಂಜರಿಯುವವರು ಬಹಳ. ಅಂಥವರ ಮನೆಯವರಿಗೂ ಜೊತೆಗಾರರಿಗೂ ಒಂದು ವಿನಂತಿ: ಅವರ ದನಿ ಎಂದಿನಿಂದ ಹೀಗಾಯಿತೆಂದು ತಾರೀಖು ಹಾಕಿ ಬರೆದಿಡಿ. ಆ ತಾರೀಖಿಗೆ ನಾಲ್ಕು ವಾರ ತುಂಬಿದ್ದರೆ, ಕಷಾಯದ ಲೋಟವನ್ನು ಕೆಳಗಿಟ್ಟು ಅವರನ್ನು ಬಸ್ಸು ಹತ್ತಿಸಿ.